ಸವೆದ ಡ್ರಮ್ಮಿನ ನಾದಪರೀಕ್ಷೆ

ಬ್ರಿಟಿಷರು ತಮ್ಮ ಆಳ್ವಿಕೆಯ ಕೊನೆಯ ದಶಕದಲ್ಲಿ ಸರಕಾರಿ ನೌಕರರ ವಾಸಕ್ಕೆಂದು ಕಟ್ಟಿಸಿದ ದೆಹಲಿಯ ಲೋಧಿ ಕಾಲೋನಿಯು ಇಂದು ತನ್ನ ಬೃಹದ್ಭಿತ್ತಿಚಿತ್ರಗಳಿಂದ ಖ್ಯಾತವಾಗಿದೆಯಾದರೂ, ಅವನ್ನು ನೋಡಲೆಂದು ಹೋದ ನನ್ನನ್ನು ಹಿಡಿದು ನಿಲ್ಲಿಸಿದವನು, ಎತ್ತರವಾದ ಕಮಾನೊಂದರ ಪಕ್ಕದಲ್ಲಿ ಜಾಕಿನ ಮೇಲೆ ನಿಂತಿದ್ದ ಹಳೆಯ ಅಂಬಾಸಿಡರ್ ಕಾರಿನ ಬ್ರೇಕ್ ಡ್ರಮ್ಮನ್ನು ಕಳಚಿ, ಸರಳಿಗೆ ತೂಗುಹಾಕಿ, ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಕಿವಿಗೊಟ್ಟಿದ್ದ ವೃದ್ಧ ಮಿಸ್ತ್ರಿ.

ಸಂತೆಯಲ್ಲಿ ಮಡಕೆ ಕೊಳ್ಳುವ ಗೃಹಿಣಿಯು ಅದನ್ನು ಬೆರಳಗೆಣ್ಣಿನಿಂದ ತಟ್ಟಿ ನೋಡುವಂತೆಯೇ ಈ ಪರೀಕ್ಷೆ. ಬಿರುಕಿಲ್ಲದ ಬೀಡುಕಬ್ಬಿಣದ ನಾದವು ಕ್ಷಣಕಾಲ ಉಳಿದು ಕ್ರಮವಾಗಿ ಅಡಗುತ್ತದೆ. ಬಿರುಕು ಕೂದಲೆಳೆಯಷ್ಟೇ ಇದ್ದರೂ ಸದ್ದು ಮೊದ್ದಾಗಿ ಅಲ್ಲಿಯೇ ಬಿದ್ದುಹೋಗುತ್ತದೆ. ಒಂದೇ ಕಡೆ ತಟ್ಟಿದರೆ ಸಾಲದೆಂದು ಆತನು ಡ್ರಮ್ಮನ್ನು ತುಸುತುಸುವೇ ತಿರುಗಿಸುತ್ತ, ರಸ್ತೆಯ ಗದ್ದಲ ಇಳಿಯುವವರೆಗೆ ಕಾದು, ಮತ್ತೆ ತಟ್ಟುತ್ತಿದ್ದನು. ಕಡೆಗೆ ಒಡೆಯರ ಕಡೆಗೆ ತಿರುಗಿ, “ಇನ್ನೊಂದು ಸಲ ಲೇತಿಗೆ ಕೊಡಬಹುದು ಬಾಬೂಜಿ, ಮತ್ತೊಂದು ಸಲ ಕೇಳಬೇಡಿ” ಎಂದನು. ಅಳತೆಗೋಲನ್ನು ಕೈಗೆತ್ತಿಕೊಂಡುದು ಆಮೇಲೆ.

ಚಕ್ರದೊಳಗಿನ ಶೂಗಳು ಹಿಗ್ಗಿ ಡ್ರಮ್ಮನ್ನು ಒಳಗಿನಿಂದ ಒತ್ತುವ ಈ ಪದ್ಧತಿಯನ್ನು 1902ರಲ್ಲಿ ರೂಪಿಸಿದ ಕೀರ್ತಿ ಫ್ರಾನ್ಸಿನ ಲೂಯಿ ರೆನೊಗೆ ಸಲ್ಲುತ್ತದೆ. ಮಾರಿಸ್ ಆಕ್ಸ್‌ಫರ್ಡಿನ ಮಾದರಿಯಲ್ಲಿ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾದ ಅಂಬಾಸಿಡರು, ಅಧಿಕಾರಿಗಳ ವಾಹನವಾಗಿ ಈ ಬೀದಿಗಳಿಗೆ ಚಿರಪರಿಚಿತ.

ವರ್ಷಗಳ ಘರ್ಷಣೆಯಿಂದ ಡ್ರಮ್ಮಿನೊಳಗೆ ಗೀರುಗಳು ಮೂಡಿ, ಅಂಚಿನಲ್ಲಿ ದಿಂಡು ನಿಂತು, ವೃತ್ತವು ಅಂಡಾಕಾರಕ್ಕೆ ತಿರುಗಿದಾಗ ಪೆಡಲು ಕಾಲ ಕೆಳಗೆ ಮಿಡಿಯತೊಡಗುತ್ತದೆ. ಲೇತಿನಲ್ಲಿ ಒಳಮೈಯನ್ನು ಹೆರೆದು ಸಮಗೊಳಿಸಬಹುದು. ಆದರೆ ಕಾರುಗಳಲ್ಲಿ ಮೂಲ ವ್ಯಾಸಕ್ಕಿಂತ ಸುಮಾರು 1.5 ಮಿಲಿಮೀಟರಿನಾಚೆಗೆ ಹೋಗುವುದು ಸಾಮಾನ್ಯವಾಗಿ ಸಲ್ಲದು, ಏಕೆಂದರೆ ತೆಳುವಾದ ಡ್ರಮ್ಮು ಬಿಸಿಯನ್ನು ತಾಳಲಾರದು. ಮಿತಿ ಮೀರಿದ್ದಕ್ಕೆ ಬೀಡುಕಬ್ಬಿಣದ ಬಳೆ ಕೂರಿಸುವ ಉಪಾಯವುಂಟು: 250 ಮಿಲಿಮೀಟರ್ ವ್ಯಾಸದ ಡ್ರಮ್ಮಿನ ಉಷ್ಣತೆಯನ್ನು 200 ಡಿಗ್ರಿ ಸೆಲ್ಸಿಯಸ್ ಏರಿಸಿದರೆ ಅದು ಸುಮಾರು ಅರ್ಧ ಮಿಲಿಮೀಟರ್ ಹಿಗ್ಗುತ್ತದೆ, ಆ ಅರೆಗಳಿಗೆಯಲ್ಲಿ ಬಳೆಯನ್ನು ಇಳಿಸಿದರೆ, ತಣಿದ ಬಳಿಕ ಡ್ರಮ್ಮೇ ಅದನ್ನು ಬಿಗಿಹಿಡಿಯುತ್ತದೆ. ಬಳೆಗೆ ಜಾಗ ಮಾಡಿದ ಮೇಲೆ ಹೊರಗೋಡೆಯಲ್ಲಿ ತಕ್ಕಷ್ಟು ದಪ್ಪ ಉಳಿದಿರಬೇಕೆಂಬುದೇ ಇಲ್ಲಿಯ ಕಷ್ಟ.

ರಾಜಧಾನಿಯಲ್ಲಿ 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲಿನ ನಿರ್ಬಂಧವನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಎತ್ತಿಹಿಡಿಯಿತು. 50 ವರ್ಷ ದಾಟಿದವುಗಳಿಗೆ 2021ರ ಕೇಂದ್ರ ನಿಯಮವು ವಿಂಟೇಜ್ ನೋಂದಣಿಯ ದಾರಿಯನ್ನು ತೆರೆಯಿತಾದರೂ, ಅವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಓಡದ ಗಾಡಿಯ ಡ್ರಮ್ಮು ಸವೆಯದು. ಸವೆಯದಿದ್ದಲ್ಲಿ ಕುಶಲಿಗೆ ಕೆಲಸವಿಲ್ಲ. ಕೆಲಸವಿಲ್ಲದ ಕಸುಬಿಗೆ ಯಾವ ಹುಡುಗನು ಶಿಷ್ಯನಾಗಿ ಬಂದಾನು? ಹಳೆಯ ಶೂಗಳ ಪುಡಿಯಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರು ಇರಬಹುದೆಂಬುದೂ ಈ ವೃತ್ತಿಯ ಬಾಧೆಗಳಲ್ಲೊಂದು. ಅದನ್ನು ಊದದೆ, ಒದ್ದೆಬಟ್ಟೆಯಿಂದ ಒರೆಸಬೇಕು.

ಹಳೆಯ ಕಾರನ್ನು ಮನೆಯಲ್ಲಿಟ್ಟುಕೊಂಡ ಓದುಗರಲ್ಲಿ ನನ್ನದೊಂದು ವಿನಂತಿ. ಸವೆದ ಡ್ರಮ್ಮನ್ನು ಗುಜರಿಗೆ ಹಾಕುವ ಮುನ್ನ ಇಂಥ ಕಿವಿಯುಳ್ಳ ಮಿಸ್ತ್ರಿಯೊಬ್ಬನನ್ನು ಹುಡುಕಿರಿ. ಒಂದೇ ಅಚ್ಚಿನ ಎರಡು ಡ್ರಮ್ಮುಗಳನ್ನೂ ಒಟ್ಟಿಗೆ ಒಯ್ದು ಸಮವ್ಯಾಸಕ್ಕೆ ಹೆರೆಸಿರಿ, ಇಲ್ಲವಾದರೆ ಬ್ರೇಕು ಒತ್ತಿದಾಗ ಗಾಡಿ ಒಂದು ಮಗ್ಗುಲಿಗೆ ಎಳೆಯುತ್ತದೆ. ಶೂಗಳನ್ನೂ ಜೊತೆಗೇ ಕೊಡಿರಿ, ಹಿರಿದಾದ ವೃತ್ತಕ್ಕೆ ಅವುಗಳ ಬಾಗನ್ನೂ ಹೊಂದಿಸಬೇಕಾಗುತ್ತದೆ.