ಕಂಡೆನ್ಸರ್ ಹೋಗಿದೆ!

ಸ್ವಿಚ್ ಹಾಕಿದರೆ ಫ್ಯಾನ್ ಗುಂಯ್‌ಗುಡುತ್ತದೆ, ತಿರುಗುವುದಿಲ್ಲ. ರೆಕ್ಕೆಯನ್ನು ಕೋಲಿನಿಂದ ತಳ್ಳಿದರೆ ನಿಧಾನವಾಗಿ ಹೊರಡುತ್ತದೆ. ಎಲೆಕ್ಟ್ರಿಷಿಯನ್ ಏಣಿ ಹತ್ತುವ ಮೊದಲೇ ‘ಕಂಡೆನ್ಸರ್ ಹೋಗಿದೆ’ ಎಂದುಬಿಡುತ್ತಾನೆ. ಪುಸ್ತಕದ ಕೆಪಾಸಿಟರ್ ಅಂಗಡಿಯಲ್ಲಿ ಇಂದಿಗೂ ಕಂಡೆನ್ಸರೇ.

ಮನೆಯ ಸಿಂಗಲ್ ಫೇಸ್ ವಿದ್ಯುತ್ತು ತಾನಾಗಿ ಈ ಮೋಟಾರನ್ನು ಅದುರಿಸಬಲ್ಲದು, ಚಾಲೂ ಮಾಡಲಾರದು. ಫ್ಯಾನಿನ ಎರಡು ಸುರುಳಿಗಳಲ್ಲಿ ಒಂದರ ವಿದ್ಯುತ್ತು ಮೊದಲು, ಇನ್ನೊಂದರದು ತುಸು ತಡವಾಗಿ ಏರಬೇಕು. ಆಗಲೇ ಕಾಂತಕ್ಷೇತ್ರ ಸುತ್ತುವುದು. ಆ ಹಿಂದುಮುಂದನ್ನು ಉಂಟುಮಾಡುವುದೇ ಕಂಡೆನ್ಸರ್. ಅದರ ಧಾರಕತೆ ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್.

ಒಳಗಿರುವುದು ಲೋಹ ಲೇಪಿಸಿದ ಪಾಲಿಪ್ರೊಪಿಲೀನ್ ಹಾಳೆಯ ಸುರುಳಿ. ಹಾಳೆಯ ದುರ್ಬಲ ಜಾಗದಲ್ಲಿ ಕಿಡಿ ಹಾರಿದರೆ ಸುತ್ತಲಿನ ಲೋಹ ಆವಿಯಾಗಿ, ಗಾಯ ತಾನೇ ಮುಚ್ಚಿಕೊಳ್ಳುತ್ತದೆ. ಬಲು ಜಾಣ ಏರ್ಪಾಡು, ಆದರೆ ಪುಕ್ಕಟೆಯಲ್ಲ: ಪ್ರತಿ ಗಾಯಕ್ಕೂ ಒಂದಿಷ್ಟು ಲೋಹ ಹೋಗುತ್ತದೆ, ಧಾರಕತೆ ಕುಗ್ಗುತ್ತದೆ. ವರ್ಷಗಳು ಕಳೆದಂತೆ ಫ್ಯಾನ್ ಸುಸ್ತಾಗುವುದು ಹೀಗೆ.

ಹಾಗಾದರೆ ಇದಕ್ಕಿಂತ ಚಿಕ್ಕದಾದ ಎಲೆಕ್ಟ್ರೋಲಿಟಿಕ್ ಕಂಡೆನ್ಸರ್ ಹಾಕಬಾರದೇ? ಅದರಲ್ಲಿ ಅಲ್ಯೂಮಿನಿಯಂ ಹಾಳೆಯ ಮೇಲಿನ ಅತಿತೆಳು ಆಕ್ಸೈಡ್ ಪದರವೇ ನಿರೋಧಕ. ತೆಳುವಾದಷ್ಟೂ ಧಾರಕತೆ ಹೆಚ್ಚು. ಹಾಗಾಗಿ ಹೆಬ್ಬೆರಳಿನಷ್ಟು ಡಬ್ಬಿಯಲ್ಲಿ ಸಾವಿರ ಮೈಕ್ರೋಫ್ಯಾರಡ್ ಹಿಡಿಸುತ್ತದೆ. ಆದರೆ ಸಾಮಾನ್ಯ ಎಲೆಕ್ಟ್ರೋಲಿಟಿಕ್‌ಗೆ ಪ್ಲಸ್, ಮೈನಸ್ ಅದಲುಬದಲಾಗಬಾರದು. ನಮ್ಮ ವಿದ್ಯುತ್ತೋ ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ! ಅದಕ್ಕೆ ಕಟ್ಟಿದರೆ ಕಾದು ಸಿಡಿಯುತ್ತದೆ. ಡಬ್ಬಿಯ ನೆತ್ತಿಯ ಮೇಲೆ ಗೀರು ಹಾಕಿರುವುದೂ ಒಳಗಿನ ಅನಿಲ ಅಲ್ಲಿಂದಲೇ ಹೊರಬೀಳಲಿ ಎಂದು. ಇದರ ಜಾಗ ಏಕಮುಖ ವಿದ್ಯುತ್ತಿನ ಸರ್ಕ್ಯೂಟುಗಳು. ಅಲ್ಲಿಯೂ ಶಾಖವೇ ಶತ್ರು: ಸ್ಥೂಲವಾಗಿ ಪ್ರತಿ 10 ಡಿಗ್ರಿ ಏರಿಕೆಗೆ ಆಯಸ್ಸು ಅರ್ಧ. ಇಂಥ ಎಲೆಕ್ಟ್ರೋಲಿಟಿಕ್ ಒಳಗಿಟ್ಟುಕೊಂಡ, ಗಾಳಿಯಾಡದ ಗುಮ್ಮಟದೊಳಗೆ ಕೂರಿಸಿದ ಎಲ್‌ಇಡಿ ಬಲ್ಬು ಬೇಗ ಸಾಯಲು ಇದೂ ಒಂದು ಕಾರಣ.

ಮೊಬೈಲಿನೊಳಗೆ ನೂರಾರು ಸಂಖ್ಯೆಯಲ್ಲಿರುವ, ಸಾಸಿವೆಗಿಂತ ಚಿಕ್ಕ ಸೆರಾಮಿಕ್ ಕೆಪಾಸಿಟರುಗಳದು ಬೇರೆ ವರಸೆ. ಬೇರಿಯಂ ಟೈಟನೇಟ್ ಬಳಸಿದ ಕೆಲವು ಬಗೆಗಳಲ್ಲಿ ವೋಲ್ಟೇಜ್ ಏರಿದಂತೆ ಧಾರಕತೆ ಅರ್ಧಕ್ಕಿಂತ ಕೆಳಗಿಳಿಯುವುದುಂಟು. ಕ್ಯಾಟಲಾಗಿನ ಸಂಖ್ಯೆಯನ್ನಷ್ಟೇ ನಂಬಿದ ಎಂಜಿನಿಯರ್ ಮೋಸಹೋಗುತ್ತಾನೆ.

ಫ್ಯಾನಿಗೆ ಹೊಸ ಕಂಡೆನ್ಸರ್ ತರುವಾಗ ಹಳೆಯದರ ಮೇಲಿನ ಮೈಕ್ರೋಫ್ಯಾರಡ್, ವೋಲ್ಟೇಜ್ ಎರಡನ್ನೂ ಓದಿಕೊಂಡು ಹೋಗಿ. ದೊಡ್ಡದು ಹಾಕಿದರೆ ಗಾಳಿ ಜೋರಾಗುತ್ತದೆಂದು ಅಂಗಡಿಯವನು ಹೇಳಿದರೂ ಕೇಳಬೇಡಿ. ಸುರುಳಿ ಕಾದು ಸುಟ್ಟೀತು. ಬಿಚ್ಚುವ ಮೊದಲು ಮೇನ್ ಸ್ವಿಚ್ ಆರಿಸಿ. ಆರಿಸಿದ ಮೇಲೂ ಕಂಡೆನ್ಸರಿನ ಎರಡು ವೈರುಗಳ ತುದಿ ಮುಟ್ಟಬೇಡಿ, ಅದರಲ್ಲಿ ವಿದ್ಯುತ್ತು ಉಳಿದಿರಬಹುದು.