ಬಾಣಂತಿಯ ಸುರಕ್ಷತೆ ಮತ್ತು ಆಸ್ಪತ್ರೆಯ ದಾದಿಯರು

ಹೆರಿಗೆಯಾಯಿತು, ಮಗು ಅತ್ತಿತು, ಇನ್ನು ಭಯವಿಲ್ಲವೆಂದು ಮನೆಯವರು ಭಾವಿಸುವುದು ಸಹಜ. ಆದರೆ ತಾಯಿಯನ್ನು ಎಚ್ಚರದಿಂದ ಕಾಯಬೇಕಾದ ಕಾಲವು ಆಗಲೇ ಪ್ರಾರಂಭವಾಗುತ್ತದೆಂಬುದನ್ನು ದಂಪತಿಗಳು ಅರಿತಿರಬೇಕು.

ಮಾಸು ಬಿದ್ದ ಮೇಲೆ ಗರ್ಭಕೋಶವು ಸಂಕುಚಿಸಿ ಗಟ್ಟಿಯಾಗಬೇಕು. ಆಗ ಮಾತ್ರ ಮಾಸು ಅಂಟಿಕೊಂಡಿದ್ದ ಸ್ಥಳದ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ಅದು ಸಡಿಲವಾಗಿಯೇ ಉಳಿದರೆ ರಕ್ತಸ್ರಾವವು ಹೆಚ್ಚುತ್ತದೆ. ರಕ್ತಹೀನತೆಯುಳ್ಳ ತಾಯಿಗೆ ಇದು ಬಹುಬೇಗನೆ ಪ್ರಾಣಾಪಾಯವನ್ನು ತರಬಲ್ಲದು. ಆದುದರಿಂದ ಹೆರಿಗೆಯ ನಂತರದ ಮೊದಲ 2 ಗಂಟೆಗಳಲ್ಲಿ ಪ್ರತಿ 15 ನಿಮಿಷಕ್ಕೊಮ್ಮೆ ದಾದಿಯು ಬಾಣಂತಿಯ ನಾಡಿ, ರಕ್ತದ ಒತ್ತಡ, ಗರ್ಭಕೋಶದ ಗಟ್ಟಿತನ ಹಾಗೂ ಸ್ರಾವವನ್ನು ಪರೀಕ್ಷಿಸಬೇಕು.

ಎಂದರೆ ಒಬ್ಬ ಬಾಣಂತಿಗೆ 8 ಬಾರಿ. ಒಬ್ಬಳೇ ದಾದಿಯ ವಶದಲ್ಲಿ ಅಂತಹ 6 ಮಂದಿಯಿದ್ದರೆ 48 ಬಾರಿ. ಎರಡೂವರೆ ನಿಮಿಷಕ್ಕೊಂದು ಪರೀಕ್ಷೆ! ಇದರೊಡನೆ ಶಿಶುಗಳ ಆರೈಕೆ, ಚುಚ್ಚುಮದ್ದು, ಹೊಸ ಹೆರಿಗೆ. ಎಷ್ಟೇ ನಿಷ್ಠೆಯಿದ್ದರೂ ಇದು ಒಬ್ಬಳಿಂದ ಆಗದ ಕೆಲಸ.

ನಾನು ತರಬೇತಿ ಪಡೆಯುತ್ತಿದ್ದ ಆಸ್ಪತ್ರೆಯೊಂದರಲ್ಲಿ ಒಂದು ರಾತ್ರಿ ಇಡೀ ವಾರ್ಡಿಗೆ ಒಬ್ಬಳೇ ದಾದಿಯಿದ್ದಳು. ಆಕೆ ಮತ್ತೊಂದು ಹೆರಿಗೆಯಲ್ಲಿ ನಿರತಳಾಗಿದ್ದಳು. ನಿದ್ರಿಸುತ್ತಿರುವಳೆಂದು ಎಲ್ಲರೂ ತಿಳಿದಿದ್ದ ಬಾಣಂತಿಯು ರಕ್ತಸ್ರಾವದಿಂದ ಪ್ರಜ್ಞೆ ತಪ್ಪಿದ್ದಳು. ಅತ್ತೆಯು ಹೊದಿಕೆ ಸರಿಸಿ ನೋಡಿ ಕೂಗಿದುದರಿಂದ ಆಕೆಯ ಜೀವ ಉಳಿಯಿತು.

ಇದು ಬಾಣಂತಿಯರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಒಬ್ಬ ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಿದಂತೆಲ್ಲ ಶಸ್ತ್ರಚಿಕಿತ್ಸೆಗೊಳಗಾದವರು 30 ದಿನಗಳೊಳಗೆ ಮರಣಹೊಂದುವ ಸಂಭವವು ಶೇಕಡಾ 7ರಷ್ಟು ಹೆಚ್ಚಿದ್ದುದು ಅದರಲ್ಲಿ ಕಂಡುಬಂದಿತು.

ಆದ್ದರಿಂದ ಈ ವಿಷಯಗಳನ್ನು ಗಮನದಲ್ಲಿಡಿ:

1. ಏಳನೆಯ ತಿಂಗಳಿನಲ್ಲಿಯೇ ಹೆರಿಗೆಯ ಆಸ್ಪತ್ರೆಯನ್ನು ಗೊತ್ತುಮಾಡಿ. ರಾತ್ರಿಯ ವೇಳೆಯಲ್ಲಿ ಎಷ್ಟು ಮಂದಿ ದಾದಿಯರಿರುತ್ತಾರೆಂದು ವಿಚಾರಿಸಲು ಸಂಕೋಚಪಡಬೇಡಿ.

2. ಅನುಭವವುಳ್ಳ ಹೆಂಗಸೊಬ್ಬಳು ಬಾಣಂತಿಯ ಬಳಿ ಎಚ್ಚರವಾಗಿರಲಿ. ಬಟ್ಟೆಯು 5 ನಿಮಿಷದೊಳಗೆ ತೊಯ್ದರೆ, ತಲೆಸುತ್ತು, ತಣ್ಣನೆಯ ಬೆವರು ಅಥವಾ ಮಂಪರು ಕಂಡರೆ ಕೂಡಲೇ ದಾದಿಯನ್ನು ಕರೆಯಿರಿ.

3. ವಾರ್ಡಿನಲ್ಲಿ ನೆಂಟರ ಗುಂಪು ಬೇಡ. ದಾದಿಯ ಸಮಯವು ರೋಗಿಗಳಿಗೆ ಮೀಸಲು.

4. ಸಹಜ ಹೆರಿಗೆಯಾದರೂ 48 ಗಂಟೆಗಳ ಕಾಲ ಆಸ್ಪತ್ರೆಯಲ್ಲಿಯೇ ಉಳಿಯಿರಿ.

5. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದಾದಿಯ ಹುದ್ದೆ ಖಾಲಿಯಿದ್ದರೆ ಆರೋಗ್ಯ ರಕ್ಷಾ ಸಮಿತಿಯ ಗಮನಕ್ಕೆ ಬರೆದು ತಿಳಿಸಿ.

ಔಷಧಿ, ಕಟ್ಟಡ, ಯಂತ್ರಗಳು ಬೇಕು, ನಿಜ. ಆದರೆ ಸಕಾಲದಲ್ಲಿ ಅಪಾಯವನ್ನು ಗುರುತಿಸುವುದು ಕಾಯುವವರ ಕಣ್ಣು ಮತ್ತು ಕೈ. ಅವು ಸಾಕಷ್ಟಿರುವಲ್ಲಿ ತಾಯಿ ಕ್ಷೇಮ. ತಾಯಿ ಕ್ಷೇಮವಾಗಿದ್ದರೆ ಮನೆಯೂ ಕ್ಷೇಮ.