ಎರಡು ನಿಮಿಷದ ಚೆನ್ನಮ್ಮ
ಮಂಗಳವಾರ ರಾತ್ರಿ ಒಂಬತ್ತೂವರೆಗೆ ಕ್ಲಾಸ್ ಗ್ರೂಪಿನಲ್ಲಿ ಮೆಸೇಜ್ ಬಂತು. ಶುಕ್ರವಾರ ಮಕ್ಕಳು ಇತಿಹಾಸದ ಒಬ್ಬರ ವೇಷ ಹಾಕಿ, ಅವರಾಗಿಯೇ ಎರಡು ನಿಮಿಷ ಮಾತಾಡಬೇಕಂತೆ. ಮೂರನೇ ಕ್ಲಾಸಿನ ನನ್ನ ಮಗಳ ಪಾಲಿಗೆ ಬಂದಿದ್ದು ಕಿತ್ತೂರು ರಾಣಿ ಚೆನ್ನಮ್ಮ. ನಾನು ಆಫೀಸ್ ಕಾಲ್‌ನಲ್ಲಿದ್ದೆ. ಮ್ಯೂಟ್ ಮಾಡಿಕೊಂಡೇ ಮೊಬೈಲಿನಲ್ಲಿ ಹುಡುಕಿ, ಅಲ್ಲೊಂದು ಇಲ್ಲೊಂದು ಪ್ಯಾರಾ ಸೇರಿಸಿ, ಇಪ್ಪತ್ತು ನಿಮಿಷದಲ್ಲಿ ಭಾಷಣ ರೆಡಿ ಮಾಡಿಬಿಟ್ಟೆ. ಕತ್ತಿ, ಕಿರೀಟದ ಆರ್ಡರ್ ಕೂಡ ಆಯ್ತು.

ಬೆಳಿಗ್ಗೆ ತಿಂಡಿ ಹೊತ್ತಿಗೆ ಓದಿ ಹೇಳಿದೆ. ‘ನಾನು 1778ರಲ್ಲಿ ಬೆಳಗಾವಿ ಹತ್ತಿರದ ಕಾಕತಿಯಲ್ಲಿ ಹುಟ್ಟಿದೆ. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡೆ...’

ಮಗಳು ದೋಸೆ ಬಿಟ್ಟು ನನ್ನ ಮುಖ ನೋಡಿದಳು. ‘ಅಮ್ಮಾ, ಸತ್ತೋದವರು ಹೇಗೆ ಮಾತಾಡ್ತಾರೆ?’

ನಗು ಬಂತು. ಆದರೆ ಹಿಡಿದ ತಪ್ಪು ಸರಿಯಾಗೇ ಇತ್ತು. ನಾನು ಬರೆದದ್ದು ಪಠ್ಯಪುಸ್ತಕದ ಪ್ಯಾರಾ. ‘ಅವರು’ ಇದ್ದ ಕಡೆಯೆಲ್ಲ ‘ನಾನು’ ಅಂತ ತಿದ್ದಿದ್ದೆ, ಅಷ್ಟೇ. ‘ಭಾರತದ ಸ್ವಾತಂತ್ರ್ಯಕ್ಕಾಗಿ’ ಅಂತಲೂ ಬರೆದಿದ್ದೆ. 1824ರಲ್ಲಿ ಚೆನ್ನಮ್ಮ ಉಳಿಸಿಕೊಳ್ಳಲು ಹೊರಟಿದ್ದು ಕಿತ್ತೂರನ್ನು. ಮುಂದೆ ಜನ ತನ್ನನ್ನು ಸ್ವಾತಂತ್ರ್ಯ ಹೋರಾಟದ ಬೆಳ್ಳಿಚುಕ್ಕಿ ಅಂತಾರೆ ಅನ್ನೋದು ಅವತ್ತು ಆಕೆಗೆ ಗೊತ್ತಿರಲು ಸಾಧ್ಯವೇ ಇಲ್ಲ.

ಆ ಹಾಳೆ ಪಕ್ಕಕ್ಕಿಟ್ಟು, ರಾತ್ರಿ ಹಾಸಿಗೆಯಲ್ಲಿ ಕತೆ ಹೇಳಿದೆ. ಒಂದೇ ಒಂದು ದಿನ ಆರಿಸಿಕೊಂಡೆವು: 1824ರ ಅಕ್ಟೋಬರ್ 23ರ ಬೆಳಿಗ್ಗೆ. ಕೋಟೆ ಬಾಗಿಲು ಮುಚ್ಚಿದೆ, ಹೊರಗೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸೈನ್ಯದ ಜೊತೆ ನಿಂತಿದ್ದಾನೆ. ರಾಣಿಗೆ ಆಗ ಸುಮಾರು ನಲವತ್ತಾರು ವಯಸ್ಸು, ಗಂಡ ಮಲ್ಲಸರ್ಜ ತೀರಿಕೊಂಡು ವರ್ಷಗಳಾಗಿವೆ ಅಂದೆ. ‘ಅಯ್ಯೋ, ನಿನಗಿಂತ ದೊಡ್ಡೋರಾ!’ ಅಂದಳು. ಅಲ್ಲಿಯವರೆಗೆ ಅವಳ ತಲೆಯಲ್ಲಿದ್ದದ್ದು ಕ್ಯಾಲೆಂಡರಿನ ಚಿಕ್ಕ ವಯಸ್ಸಿನ ರಾಣಿ.

ಆಮೇಲೆ ಕೇಳಿದಳು: ‘ಕಂಪನಿಯವರು ಸುಮ್‌ಸುಮ್ನೆ ಯಾಕೆ ಬಂದ್ರು?’

ನಾನು ತಡವರಿಸಿದೆ. ಯಾಕೆಂದರೆ ಆ ಕಾರಣವನ್ನು ಭಾಷಣದಿಂದ ಬೇಕಂತಲೇ ತೆಗೆದವಳು ನಾನೇ. ನಮ್ಮ ಮಗಳು ನಮ್ಮ ಮನೆಗೆ ಬಂದಾಗ ಹದಿನಾಲ್ಕು ತಿಂಗಳ ಮಗು. ದತ್ತು ತೆಗೆದುಕೊಂಡಿದ್ದು ಅವಳಿಗೆ ಗೊತ್ತು, ನಾವು ಮುಚ್ಚಿಟ್ಟಿಲ್ಲ. ಆದರೆ ಹೋದ ವರ್ಷ ಲಿಫ್ಟಿನಲ್ಲಿ ಯಾರೋ ಅವಳೆದುರೇ ‘ಸ್ವಂತ ಮಗಳಾ?’ ಅಂತ ಕೇಳಿದ ಮೇಲೆ, ನಾಲ್ಕು ಜನರ ಮುಂದೆ ಆ ಪದ ಬಂದರೆ ನನಗೇ ಎದೆ ಹೊಡೆದುಕೊಳ್ಳುತ್ತೆ.

ಹೇಳದೆ ಬೇರೆ ದಾರಿ ಇರಲಿಲ್ಲ. ಅದಿಲ್ಲದೆ ಕತೆ ನಿಲ್ಲೋದೇ ಇಲ್ಲ. ‘ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಅರಮನೆಯವರು ಶಿವಲಿಂಗಪ್ಪ ಅನ್ನೋ ಹುಡುಗನನ್ನು ದತ್ತು ತಗೊಂಡಿದ್ರು. ಕಂಪನಿಯವರು ಅದನ್ನ ಒಪ್ಪಲ್ಲ ಅಂದ್ರು. ವಾರಸುದಾರ ಇಲ್ಲ ಅಂದ್ರೆ ರಾಜ್ಯ ಅವರದ್ದಾಗುತ್ತಲ್ಲ!’

ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ದತ್ತು ಅಂದ್ರೆ ನನ್ ಥರಾನೇನಾ?’

‘ಹೂಂ, ನಿನ್ ಥರಾನೇ.’

‘ಹಾಗಾದ್ರೆ ಅದನ್ನೇ ಹೇಳ್ತೀನಿ.’

ಅಲ್ಲಿದ್ದದ್ದು ಗಾದಿಯ ಪ್ರಶ್ನೆ, ಖಜಾನೆಯ ಪ್ರಶ್ನೆ, ನಮ್ಮ ಮನೆ ಕತೆಯೇ ಬೇರೆ ಅಂತ ವಿವರಿಸಿದೆ. ತಲೆಯಾಡಿಸಿದಳು. ಮರುದಿನ ಸಂಜೆ ಅವಳು ಹೇಳುತ್ತಾ ಹೋದಳು, ನಾನು ಬರೆದುಕೊಂಡೆ. ನಾನು ಕೇಳಿದ್ದು ಮೂರೇ ಪ್ರಶ್ನೆ. ಈಗ ರಾಣಿ ಎಲ್ಲಿದ್ದಾರೆ, ಏನು ಕಾಣಿಸ್ತಿದೆ? ಅವರಿಗೆ ಯಾವುದರ ಭಯ? ಹೊರಗೆ ನಿಂತವರಿಗೆ ಏನು ಹೇಳಬೇಕು ಅನ್ನಿಸ್ತಿದೆ? ಉತ್ತರಗಳೇ ಭಾಷಣವಾಯಿತು. ‘ನನಗೂ ಭಯ ಇದೆ, ಆದ್ರೆ ಬಾಗಿಲ ಹತ್ರ ನಿಂತಿರೋರಿಗೆ ಅದು ಕಾಣಬಾರದು’ ಅನ್ನೋದು ಅವಳದೇ ಸಾಲು. ಕೊನೆಯದೂ ಅಷ್ಟೇ: ‘ಇವನು ನಮ್ಮನೆ ಹುಡುಗ. ಅಲ್ಲ ಅನ್ನೋಕೆ ನೀವ್ಯಾರು?’ ಇದು ರಾಣಿ ಆಡಿದ ಮಾತೇನೂ ಅಲ್ಲ, ಎಂಟು ವರ್ಷದ ಹುಡುಗಿಯ ಊಹೆ. ವೇಷದ ಭಾಷಣದಲ್ಲಿ ಅಷ್ಟು ಊಹೆಗೆ ಜಾಗ ಇದೆ. ಇಸವಿ, ಊರು, ನಡೆದ ಘಟನೆ ಮಾತ್ರ ಸರಿಯಿರಬೇಕು.

ನಿಮ್ಮನೇಲೂ ಇಂಥ ಮೆಸೇಜ್ ಬಂದರೆ, ಇಡೀ ಜೀವನ ಬರೆಸಬೇಡಿ. ಒಂದು ದಿನ ಸಾಕು. ಆ ದಿನ ಆ ವ್ಯಕ್ತಿಗೆ ಗೊತ್ತಿರದಿದ್ದನ್ನು ಬಾಯಲ್ಲಿ ಹಾಕಬೇಡಿ. ಮಗುವೇ ಹೇಳಲಿ, ನೀವು ಬರೆದುಕೊಳ್ಳಿ. ಅದರದೇ ಮಾತಾದರೆ ಬಾಯಿಪಾಠದ ಕಷ್ಟವೂ ಕಮ್ಮಿ. ಫೋನಿನ ಟೈಮರ್ ಇಟ್ಟು ಜೋರಾಗಿ ಓದಿಸಿ. ನಮ್ಮದು ಮೊದಲು ಮೂರೂವರೆ ನಿಮಿಷ ಬಂತು. ಕುದುರೆ ಸವಾರಿ, ಬಿಲ್ಲುವಿದ್ಯೆ ಎಲ್ಲ ತೆಗೆದೆವು.

ಶುಕ್ರವಾರ ಅವಳು ಮಾತಾಡಿದ್ದು ಒಂದು ನಿಮಿಷ ನಲವತ್ತು ಸೆಕೆಂಡು. ಮಧ್ಯೆ ಒಮ್ಮೆ ನಿಂತಳು, ಕಿರೀಟ ಸರಿಮಾಡಿಕೊಂಡಳು, ಮುಂದುವರಿಸಿದಳು. ಕೊನೆಯ ಸಾಲು ಹೇಳುವಾಗ ನನ್ನ ಕಡೆ ನೋಡಲೇ ಇಲ್ಲ, ನೇರ ಎದುರಿಗೆ ನೋಡುತ್ತಿದ್ದಳು. ಬಹುಮಾನ ಬರಲಿಲ್ಲ. ಸಿನಿಮಾ ಡೈಲಾಗ್ ಗುಡುಗಿದ ಇನ್ನೊಬ್ಬ ಹುಡುಗಿಗೆ ಹೋಯಿತು, ಅವಳೂ ಚೆನ್ನಾಗೇ ಮಾಡಿದಳು.

ಆಟೋದಲ್ಲಿ ವಾಪಸ್ ಬರುವಾಗ ಕೇಳಿದಳು: ‘ಅವತ್ತು ಯಾರು ಗೆದ್ರು?’

‘ಅವತ್ತು ಕಿತ್ತೂರು. ಥ್ಯಾಕರೆ ಸತ್ತೋದ. ಡಿಸೆಂಬರಲ್ಲಿ ಕಂಪನಿಯವರು ದೊಡ್ಡ ಸೈನ್ಯ ತಂದ್ರು, ಕೋಟೆ ಹೋಯ್ತು.’

‘ಶಿವಲಿಂಗಪ್ಪ?’

‘ಅವನನ್ನ ಗಾದಿ ಮೇಲೆ ಕೂರಿಸ್ಬೇಕು ಅಂತ ಸಂಗೊಳ್ಳಿ ರಾಯಣ್ಣ ಮತ್ತೆ ಹೋರಾಡಿದ.’

‘ಅಂದ್ರೆ ಅವನ ಕಡೆ ಇನ್ನೂ ಜನ ಇದ್ರು’ ಅಂದಳು. ಕಿರೀಟ ತೆಗೆದು ನನ್ನ ಬ್ಯಾಗಿಗೆ ಹಾಕಿ, ಭುಜಕ್ಕೆ ಒರಗಿ ನಿದ್ದೆ ಮಾಡಿದಳು.